ಬ್ಯಾಂಕಿನ ಬಾಗಿಲಲ್ಲಿ ಯಕ್ಷ

ದೆಹಲಿಯ ಪಟೇಲ್ ಚೌಕ್ ಮೆಟ್ರೊ ನಿಲ್ದಾಣದಿಂದ ಮೇಲೆ ಬಂದು ಸಂಸದ್ ಮಾರ್ಗದಲ್ಲಿ ತುಸು ನಡೆದರೆ ರಿಸರ್ವ್ ಬ್ಯಾಂಕಿನ ಕಟ್ಟಡ ಸಿಗುತ್ತದೆ. ಆಕಾಶವಾಣಿ ಭವನ, ಅಂಚೆ ಭವನದಂಥ ಸರ್ಕಾರಿ ಕಚೇರಿಗಳ ನೆರೆಯಲ್ಲಿ ಅದೂ ಒಂದು. ಬರೀ ಕಟ್ಟಡವಾಗಿದ್ದರೆ ದಾರಿಹೋಕರು ಯಾರೂ ಅಲ್ಲಿ ನಿಲ್ಲುತ್ತಿರಲಿಲ್ಲ. ನಿಲ್ಲಿಸುವವರು ಮುಖ್ಯದ್ವಾರದ ಆಚೀಚೆ ಇರುವ ಇಬ್ಬರು. ಒಂದು ಬದಿಗೆ ಡೊಳ್ಳುಹೊಟ್ಟೆಯ ಗಂಡಾಳು, ಇನ್ನೊಂದು ಬದಿಗೆ ತುಂಬುಮೈಯ ಹೆಣ್ಣು. ಇಪ್ಪತ್ತು ಅಡಿ ಮೀರಿದ ಕಲ್ಲಿನ ದೇಹಗಳು. ಗಂಡಿನ ಒಂದು ಕೈಯಲ್ಲಿ ಹಣದ ಚೀಲ, ಇನ್ನೊಂದರಲ್ಲಿ ಯಂತ್ರದ ಹಲ್ಲುಚಕ್ರ. ಹೆಣ್ಣಿನ ಒಂದು ಕೈಯಲ್ಲಿ ಹೂವು, ಇನ್ನೊಂದರಲ್ಲಿ ತೆನೆಯ ಕಟ್ಟು.

ನಾನು ಅವರನ್ನು ಮೊದಲು ಕಂಡದ್ದು ಒಂದು ಚಳಿಗಾಲದ ಬೆಳಿಗ್ಗೆ. ಮಂಜು ಇನ್ನೂ ಕರಗಿರಲಿಲ್ಲ. ಮೊಣಕಾಲಿನವರೆಗೆ ಸ್ಪಷ್ಟವಾಗಿ ಕಾಣುತ್ತಿದ್ದ ಕಲ್ಲು ಮೇಲಕ್ಕೆ ಹೋದಂತೆ ಮಸುಕಾಗಿ, ಮುಖ ಮಾತ್ರ ಎಲ್ಲೋ ತೇಲುತ್ತಿತ್ತು. ಬಿಸಿಲು ಏರಿದ ಮೇಲೆ ಹೊಟ್ಟೆಯ ದುಂಡು, ತೊಡೆಯ ದಪ್ಪ, ಚೀಲ ಹಿಡಿದ ಬೆರಳುಗಳ ಗಂಟು ಒಂದೊಂದಾಗಿ ಬಿಡಿಸಿಕೊಂಡವು. ಇಬ್ಬರೂ ನಮ್ಮನ್ನು ನೋಡುವುದಿಲ್ಲ. ನಮ್ಮ ತಲೆಯ ಮೇಲಿಂದ ಹಾಯ್ದು, ರಸ್ತೆಯಾಚೆಯ ಮರಗಳ ನೆತ್ತಿಯನ್ನು ನೋಡುತ್ತಾರೆ. ಕಾವಲು ನಿಂತವರು ನೋಡುವ ಬಗೆ ಅದು.

ಅವರು ಯಕ್ಷ ಮತ್ತು ಯಕ್ಷಿ. ಕೆತ್ತಿಸಿದವರು ಶಾಂತಿನಿಕೇತನದ ರಾಮಕಿಂಕರ ಬೈಜ್. ಒಂದು ಕಾಲ ಹಣವನ್ನು ಏನೆಂದು ತಿಳಿದಿತ್ತು ಎಂಬುದನ್ನು ಆ ಕಾಲದ ಬ್ಯಾಂಕುಗಳ ಬಾಗಿಲಲ್ಲಿ ಓದಬಹುದು ಎಂದು ನನಗೆ ಗಟ್ಟಿಯಾಗಿ ಅನ್ನಿಸಿದ್ದು ಇವರ ಮುಂದೆ ನಿಂತಾಗಲೇ.

ಬ್ಯಾಂಕಿನ ಕಟ್ಟಡಕ್ಕೆ ಬೇರೆ ಕಟ್ಟಡಗಳಿಗಿಲ್ಲದ ಒಂದು ಹೊಣೆಯಿದೆ. ತನ್ನ ಹಣವನ್ನು ಗುರುತು ಪರಿಚಯವಿಲ್ಲದವರ ಕೈಗೆ ಕೊಡಲು ಬಂದವನಿಗೆ ಅದು ಧೈರ್ಯ ತುಂಬಬೇಕು. ಠೇವಣಿಗೆ ಸರ್ಕಾರದ ವಿಮೆ ಇಲ್ಲದ ಕಾಲದಲ್ಲಿ ಆ ಧೈರ್ಯವನ್ನು ಕಲ್ಲೇ ಕೊಡಬೇಕಾಗಿತ್ತು. ಅದಕ್ಕಾಗಿ ಯುರೋಪಿನ ಬ್ಯಾಂಕುಗಳು ಗ್ರೀಕ್ ಮತ್ತು ರೋಮನ್ ದೇವಾಲಯಗಳ ಕಂಬಸಾಲನ್ನು ಕಡ ತಂದವು. ಎರಡು ಸಾವಿರ ವರ್ಷ ನಿಂತ ಗುಡಿಯ ಹಾಗೆ ನಮ್ಮ ಬ್ಯಾಂಕೂ ನಿಲ್ಲುತ್ತದೆ ಎಂಬ ಭರವಸೆ ಅದರಲ್ಲಿತ್ತು.

ಲಂಡನ್ನಿನ ಬ್ಯಾಂಕ್ ಆಫ್ ಇಂಗ್ಲೆಂಡ್ ಇದಕ್ಕೆ ದೊಡ್ಡ ನಿದರ್ಶನ. 1780ರ ಗಾರ್ಡನ್ ದಂಗೆಯಲ್ಲಿ ಗುಂಪು ಆ ಬ್ಯಾಂಕಿಗೇ ನುಗ್ಗಲು ಬಂದಿತ್ತು. ಎಂಟು ವರ್ಷಗಳ ತರುವಾಯ ಬ್ಯಾಂಕಿನ ವಾಸ್ತುಶಿಲ್ಪಿಯಾಗಿ ನೇಮಕಗೊಂಡ ಜಾನ್ ಸೋನ್ 1833ರವರೆಗೆ, ಅಂದರೆ ನಲವತ್ತೈದು ವರ್ಷ, ಆ ಒಂದೇ ಕಟ್ಟಡವನ್ನು ಕಟ್ಟುತ್ತ, ಬೆಳೆಸುತ್ತ ಹೋದ. ಬೀದಿಯ ಕಡೆಗೆ ಕಿಟಕಿಯೇ ಇಲ್ಲದ ಕೋಟೆಗೋಡೆ. ಒಳಗೆ ಗುಮ್ಮಟಗಳ ನೆತ್ತಿಯಿಂದ ಇಳಿದುಬರುವ ಬೆಳಕು. ಒಂದು ಮೂಲೆಗೆ ಇಟಲಿಯ ತಿವೋಲಿಯಲ್ಲಿರುವ ವೆಸ್ತಾ ದೇವಿಯ ದುಂಡು ಗುಡಿಯನ್ನು ಮಾದರಿಯಾಗಿಟ್ಟುಕೊಂಡು ಕಂಬಗಳನ್ನು ನಿಲ್ಲಿಸಿದ. ಸೋನ್‌ನ ಕಚೇರಿಯಲ್ಲಿ ಚಿತ್ರ ಬರೆಯುತ್ತಿದ್ದ ಜೋಸೆಫ್ ಗ್ಯಾಂಡಿ 1830ರಲ್ಲಿ ಒಂದು ವಿಚಿತ್ರ ಚಿತ್ರ ಬರೆದ. ಅದರಲ್ಲಿ ಇಡೀ ಬ್ಯಾಂಕು ಮೇಲಿನಿಂದ ನೋಡಿದಂತೆ ಹಾಳುಬಿದ್ದ ಸ್ಥಿತಿಯಲ್ಲಿದೆ. ಚಾವಣಿ ಹಾರಿಹೋಗಿ, ಹಂಪಿಯ ಅರಮನೆಗಳ ತಳಪಾಯದ ಹಾಗೆ, ಕೋಣೆಗಳೆಲ್ಲ ಆಕಾಶಕ್ಕೆ ತೆರೆದುಕೊಂಡಿವೆ.

ಆ ಕಟ್ಟಡ ಕಾಲದ ಹೊಡೆತಕ್ಕೆ ಬೀಳಲಿಲ್ಲ, ಬ್ಯಾಂಕೇ ಕೆಡವಿಸಿತು. 1925ರಿಂದ 1939ರವರೆಗೆ ಹರ್ಬರ್ಟ್ ಬೇಕರ್ ಸೋನ್‌ನ ಹೊರಗೋಡೆಯನ್ನು ಬಹುಮಟ್ಟಿಗೆ ಉಳಿಸಿ, ಒಳಗಿನದನ್ನು ತೆಗೆದುಹಾಕಿ, ಅದರ ಮೇಲೆ ಹಲವು ಅಂತಸ್ತುಗಳ ಹೊಸ ಬ್ಯಾಂಕನ್ನು ಎಬ್ಬಿಸಿದ. ವಾಸ್ತು ಚರಿತ್ರಕಾರ ನಿಕೊಲಾಸ್ ಪೆವ್ಸ್‌ನರ್ ಇದನ್ನು ಆ ಶತಮಾನದಲ್ಲಿ ಲಂಡನ್ ನಗರಿಯ ವಾಸ್ತುವಿನ ಮೇಲೆ ನಡೆದ ಅತಿ ದೊಡ್ಡ ಅಪರಾಧ ಎಂದೇ ಬರೆದರು. ಬೇಕರನ ಹೊಸ ಮುಂಭಾಗಕ್ಕೆ ಶಿಲ್ಪಿ ಚಾರ್ಲ್ಸ್ ವೀಲರ್ ದೈತ್ಯ ಗಾತ್ರದ ಗಂಡು ಹೆಣ್ಣುಗಳನ್ನು ಕೆತ್ತಿದ. ನೆತ್ತಿಯ ತ್ರಿಕೋನದಲ್ಲಿ ‘ತ್ರೆಡ್‌ನೀಡಲ್ ಬೀದಿಯ ಮುದುಕಿ’ಯನ್ನು, ತೊಡೆಯ ಮೇಲೆ ಕಟ್ಟಡವೊಂದನ್ನು ಹಿಡಿಸಿ, ಪಕ್ಕದಲ್ಲಿ ನಾಣ್ಯದ ರಾಶಿ ಇಟ್ಟು ಕೂರಿಸಿದ. ಬ್ಯಾಂಕಿಗೆ ಆ ಅಡ್ಡಹೆಸರು ಬಂದದ್ದು 1797ರ ಒಂದು ವ್ಯಂಗ್ಯಚಿತ್ರದಿಂದ.

ಲಂಡನ್ನಿನ ಈ ಕತೆ ದೆಹಲಿಗೆ ಹೊರಗಿನದಲ್ಲ. ಸಂಸದ್ ಮಾರ್ಗಕ್ಕೆ ಆ ಹೆಸರು ಕೊಟ್ಟ ದುಂಡನೆಯ ಹಳೆಯ ಸಂಸತ್ ಭವನವನ್ನೂ, ರೈಸಿನಾ ಗುಡ್ಡದ ಎರಡು ಸಚಿವಾಲಯಗಳನ್ನೂ ರೂಪಿಸಿದವನು ಇದೇ ಬೇಕರ್. ಸಾಮ್ರಾಜ್ಯದ ವಾಸ್ತುಶಿಲ್ಪಿ ಕಟ್ಟಿದ ಸಂಸತ್ತಿನ ಹಾದಿಯಲ್ಲಿ ಸ್ವತಂತ್ರ ಭಾರತ ತನ್ನ ಹಣದ ಮನೆಯನ್ನು ಕಟ್ಟುವಾಗ ಬಾಗಿಲಲ್ಲಿ ಯಾರನ್ನು ನಿಲ್ಲಿಸಬೇಕು? ಅದೊಂದು ಯಕ್ಷಪ್ರಶ್ನೆಯೇ ಆಗಿತ್ತು.

ರಿಸರ್ವ್ ಬ್ಯಾಂಕ್ ಹುಟ್ಟಿದ್ದು 1935ರ ಏಪ್ರಿಲ್ 1ರಂದು, ಬ್ರಿಟಿಷರ ಕಾಲದಲ್ಲಿ. ಅದರ ಮುದ್ರೆಯಲ್ಲಿರುವ ಹುಲಿ ಮತ್ತು ತಾಳೆಮರದ ಮೂಲ ಈಸ್ಟ್ ಇಂಡಿಯಾ ಕಂಪನಿಯ ಚಿನ್ನದ ಮೊಹರಿನ ಸಿಂಹ ಮತ್ತು ತಾಳೆಮರ. ಸಿಂಹ ಹೋಗಿ ಹುಲಿ ಬಂತು, ಮರ ಹಾಗೇ ಉಳಿಯಿತು. 1949ರ ಜನವರಿ 1ರಂದು ಬ್ಯಾಂಕು ರಾಷ್ಟ್ರೀಕರಣವಾಯಿತು. ದೇಶದಲ್ಲಿ ದೊಡ್ಡ ದೊಡ್ಡ ಸರ್ಕಾರಿ ಕಟ್ಟಡಗಳು ಏಳುತ್ತಿದ್ದ ಆ ದಿನಗಳಲ್ಲಿ ಪ್ರಧಾನಿ ನೆಹರೂ ಒಂದು ಸಲಹೆ ಮುಂದಿಟ್ಟರು. ಇಂಥ ಕಟ್ಟಡಗಳಲ್ಲಿ ನಮ್ಮ ಚಿತ್ರಕಾರರಿಗೂ ಶಿಲ್ಪಿಗಳಿಗೂ ಕೆಲಸ ಕೊಡಬೇಕು, ಕಟ್ಟಡದ ಒಟ್ಟು ವೆಚ್ಚದ ಮುಂದೆ ಅದು ಏನೇನೂ ಅಲ್ಲ ಎಂಬುದು ಅವರ ವಾದ. ಬ್ಯಾಂಕಿನ ಕೇಂದ್ರ ಮಂಡಳಿಯಲ್ಲಿದ್ದ ಜೆ. ಆರ್. ಡಿ. ಟಾಟಾ, ಕಲಾವಿಮರ್ಶಕ ಕಾರ್ಲ್ ಖಂಡಾಲಾವಾಲಾ ಅವರ ಅಭಿಪ್ರಾಯ ಕೇಳುವಂತೆ ಸೂಚಿಸಿದರು. ದ್ವಾರದ ಒಂದು ಬದಿಗೆ ಕೈಗಾರಿಕೆಯಿಂದ ಬರುವ ಸಮೃದ್ಧಿ, ಇನ್ನೊಂದು ಬದಿಗೆ ಬೇಸಾಯದಿಂದ ಬರುವ ಸಮೃದ್ಧಿ ಇರಲಿ ಎಂದವರು ಖಂಡಾಲಾವಾಲಾ. ಒಂಬತ್ತು ಕಲಾವಿದರಿಗೆ ಆಹ್ವಾನ ಹೋಯಿತು. ಒಪ್ಪಿಗೆಯಾದದ್ದು ರಾಮಕಿಂಕರರ ಮಾದರಿ.

ಆಗ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು ಮಂಗಳೂರಿನ ಬೆನಗಲ್ ಮನೆತನದ ರಾಮರಾವ್, ಸಂವಿಧಾನ ರಚನೆಗೆ ಸಲಹೆಗಾರರಾಗಿದ್ದ ಬಿ. ಎನ್. ರಾವ್ ಅವರ ತಮ್ಮ. 1949ರಿಂದ 1957ರ ಜನವರಿಯವರೆಗೆ ಅವರು ಆ ಹುದ್ದೆಯಲ್ಲಿದ್ದರು. ಅದೇ ವರ್ಷ ಬಂದವರು ಹೆಸರಿನಲ್ಲೇ ಹರವು ಎಂಬ ಊರನ್ನು ಹೊತ್ತ ಎಚ್. ವಿ. ಆರ್. ಅಯ್ಯಂಗಾರ್. ಶಿಲ್ಪದ ಕೆಲಸ ಇವರಿಬ್ಬರ ಅವಧಿಯನ್ನೂ ದಾಟಿ ಹೋಯಿತು. 1950ರ ದಶಕದ ನಡುವೆ ಕೈಗೆತ್ತಿಕೊಂಡದ್ದು ಮುಗಿಯುವಾಗ 1960ರ ದಶಕದ ಉತ್ತರಾರ್ಧ ಬಂದಿತ್ತು. ಆ ನಡುವೆ, 1960ರಲ್ಲಿ, ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕ್ ಮುಳುಗಿತು. ಅದರ ಬಿಸಿ ತಟ್ಟಿ 1962ರ ಜನವರಿಯಿಂದ ಠೇವಣಿ ವಿಮೆ ಜಾರಿಗೆ ಬಂತು. ಠೇವಣಿದಾರನಿಗೆ ಧೈರ್ಯ ಹೇಳುವ ಕೆಲಸವನ್ನು ಕಾನೂನು ವಹಿಸಿಕೊಂಡಾಗ ರಾಮಕಿಂಕರರ ಯಕ್ಷರು ಇನ್ನೂ ಉಳಿಯ ಕೆಳಗಿದ್ದರು.

ರಾಮಕಿಂಕರರದು ಬಂಗಾಳದ ಬಾಂಕುರಾ. 1906ರಲ್ಲಿ ಕ್ಷೌರಿಕ ವೃತ್ತಿಯ ಬಡ ಮನೆಯಲ್ಲಿ ಹುಟ್ಟಿದವರು. ಪತ್ರಕರ್ತ ರಾಮಾನಂದ ಚಟರ್ಜಿಯವರ ಕಣ್ಣಿಗೆ ಬಿದ್ದು 1925ರಲ್ಲಿ ಶಾಂತಿನಿಕೇತನ ಸೇರಿದರು. ನಂದಲಾಲ ಬೋಸರ ಶಿಷ್ಯರಾದರು, ಮುಂದೆ ಅಲ್ಲೇ ಮೇಷ್ಟ್ರಾದರು. ಕಂಚು, ಅಮೃತಶಿಲೆಗೆ ಕಾಸಿಲ್ಲದ ಕಾಲದಲ್ಲಿ ಆ ನೆಲದ ಕೆಂಪು ಜಂಬಿಟ್ಟಿಗೆಯ ಹರಳನ್ನು ಸಿಮೆಂಟಿಗೆ ಬೆರೆಸಿ, ಕಬ್ಬಿಣದ ಸರಳಿನ ಹಂದರದ ಮೇಲೆ ಎರಚಿ, ತಟ್ಟಿ, ಕೆರೆದು ಬಯಲಿನಲ್ಲೇ ಮೂರ್ತಿ ಎಬ್ಬಿಸಿದರು. 1938ರ ‘ಸಂತಾಲ ಕುಟುಂಬ’ ಹಾಗೆ ಬಂತು: ಅಡ್ಡೆಯ ಒಂದು ಬುಟ್ಟಿಯಲ್ಲಿ ಮಗುವನ್ನು ಕೂರಿಸಿಕೊಂಡು ಹೊರಟ ಗಂಡ, ಜೊತೆಗೆ ಹೆಂಡತಿ, ಕಾಲ ಬಳಿ ನಾಯಿ. ಯಾವ ದೇವರೂ ಅಲ್ಲದ, ಯಾವ ರಾಜನೂ ಅಲ್ಲದ ಕೂಲಿ ಮಂದಿಗೆ ಬಯಲಿನಲ್ಲಿ ಅಷ್ಟು ದೊಡ್ಡ ಮೈ ಕೊಟ್ಟವರು ಅವರಿಗಿಂತ ಮೊದಲು ನಮ್ಮಲ್ಲಿ ಬಹಳ ಮಂದಿ ಇರಲಿಲ್ಲ. 1956ರ ‘ಮಿಲ್ ಕರೆ’ಯಲ್ಲಿ ಸೈರನ್ ಕೇಳಿ ಓಡುತ್ತಿರುವ ಹೆಂಗಸರ ಒದ್ದೆ ಸೀರೆ ಓಡುತ್ತಲೇ ಗಾಳಿಗೆ ಒಣಗುತ್ತಿದೆ.

ಇಂಥ ಮನುಷ್ಯನಿಗೆ ದೇಶದ ಹಣದ ಮನೆ ಬಾಗಿಲ ಕೆಲಸ ಸಿಕ್ಕಿತು. ಕೈಗಾರಿಕೆ ಮತ್ತು ಬೇಸಾಯ ಎಂದೊಡನೆ ಸುತ್ತಿಗೆ ಎತ್ತಿದ ಕಾರ್ಮಿಕ, ನೇಗಿಲು ಹೊತ್ತ ರೈತ ಎಂದು ಯಾರಾದರೂ ಕೆತ್ತಿಬಿಡಬಹುದು. ಆ ಕಾಲದಲ್ಲಿ ಲೋಕದ ತುಂಬ ಅಂಥವೇ ನಿಂತಿದ್ದವು. ರಾಮಕಿಂಕರರು ಎರಡು ಸಾವಿರ ವರ್ಷ ಹಿಂದಕ್ಕೆ ಹೋದರು. ಗಂಡಿಗೆ ಮಥುರಾ ವಸ್ತುಸಂಗ್ರಹಾಲಯದ ಪರ್ಖಂ ಯಕ್ಷ ಮಾದರಿಯಾದ. ಹೆಣ್ಣಿಗೆ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿರುವ, ವಿದಿಶೆಯ ಪಕ್ಕದ ಬೇಸನಗರದಿಂದ ಬಂದ ಯಕ್ಷಿ.

ಯಕ್ಷರೆಂದರೆ ಕುಬೇರನ ಪರಿವಾರ. ಅವನ ತೋಟ, ಗುಡ್ಡ, ಭಂಡಾರಗಳ ಕಾವಲು ಅವರ ಕೆಲಸ. ಆ ಕೆಲಸದಲ್ಲಿ ತಪ್ಪಿದ ಒಬ್ಬನನ್ನು ಕುಬೇರ ಒಂದು ವರ್ಷ ಊರುಬಿಡಿಸಿದ್ದರಿಂದಲೇ ಕಾಳಿದಾಸನಿಗೆ ‘ಮೇಘದೂತ’ದ ವಿರಹಿ ಸಿಕ್ಕಿದ್ದು. ನೋಟು ಹೊರಡಿಸುವ ಹಕ್ಕುಳ್ಳ, ಸರ್ಕಾರಕ್ಕೇ ಬ್ಯಾಂಕಾದ ಸಂಸ್ಥೆಯನ್ನು ಕುಬೇರನಿಗೆ ಹೋಲಿಸಿದರೆ ಬಾಗಿಲಲ್ಲಿ ಯಕ್ಷರು ನಿಲ್ಲಬೇಕಾದ್ದೇ. ಆದರೆ ಇದಿಷ್ಟೇ ಆಗಿದ್ದರೆ ಪುರಾಣದ ಒಂದು ಜಾಣ ಉಲ್ಲೇಖವಾಗಿ ಮುಗಿಯುತ್ತಿತ್ತು. ಯಕ್ಷರು ಕುಬೇರನ ಆಳುಗಳಾಗುವ ಮೊದಲೇ ಊರಿನ ದೇವತೆಗಳಾಗಿದ್ದವರು. ಮರದಲ್ಲಿ, ಕೆರೆಯಲ್ಲಿ, ಹೊಲದ ಬದುವಿನಲ್ಲಿ ಇದ್ದು ಬೆಳೆ, ಮಕ್ಕಳು, ಮಳೆ ಕೊಡುತ್ತಿದ್ದವರು. 1880ರ ದಶಕದಲ್ಲಿ ಪುರಾತತ್ತ್ವಜ್ಞ ಅಲೆಕ್ಸಾಂಡರ್ ಕನಿಂಗ್‌ಹ್ಯಾಮ್ ಪರ್ಖಂ ಹಳ್ಳಿಗೆ ಹೋದಾಗ ಊರವರು ಆ ಮುರುಕು ಕೈಗಳ ಮೂರ್ತಿಯನ್ನು ದೇವರೆಂದೇ ಪೂಜಿಸುತ್ತಿದ್ದರು.

ನಮಗೂ ಅವರು ಹೊಸಬರಲ್ಲ. ಯಕ್ಷ ನಮ್ಮಲ್ಲಿ ಜಕ್ಕನಾದ, ಯಕ್ಷಿಣಿ ಜಕ್ಕಿಣಿಯಾದಳು. ಹತ್ತನೆಯ ಶತಮಾನದಲ್ಲಿ ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆಯ ಹೆಸರಿನಲ್ಲೂ ಅವಳಿದ್ದಾಳೆ. ಹೊಂಬುಜದ ಪದ್ಮಾವತಿ, ನರಸಿಂಹರಾಜಪುರದ ಜ್ವಾಲಾಮಾಲಿನಿ ಇಬ್ಬರೂ ಯಕ್ಷಿಯರು. ಶ್ರವಣಬೆಳಗೊಳದ ಬೆಟ್ಟದ ಮೇಲೆ ಗೊಮ್ಮಟನ ಕಾಲ ಬಳಿ ಚಾಮರ ಹಿಡಿದು ನಿಂತವರೂ ಒಬ್ಬ ಯಕ್ಷ, ಒಬ್ಬ ಯಕ್ಷಿ. ಏನೂ ಇಲ್ಲದೆ ನಿಂತವನ ಪಕ್ಕದಲ್ಲಿ ಅವರು ಮೈತುಂಬ ಒಡವೆ ಹಾಕಿಕೊಂಡಿದ್ದಾರೆ. ಬಾಗಿಲಿನ ಜೋಡಿಯೂ ನಮಗೆ ಗೊತ್ತಿರುವುದೇ. ಐಹೊಳೆಯ ರಾವಣಫಡಿ ಗುಹೆಯ ಮುಂಭಾಗದಲ್ಲಿ ಎರಡೂ ಕಡೆ ಡೊಳ್ಳುಹೊಟ್ಟೆ ಬಿಟ್ಟುಕೊಂಡು ಕುಳಿತಿರುವ ನಿಧಿದೇವತೆಗಳನ್ನು ನೋಡಿದವರು ದೆಹಲಿಯ ಯಕ್ಷನ ಹೊಟ್ಟೆಯನ್ನು ಕಂಡು ಬೆರಗಾಗುವುದಿಲ್ಲ. ಸಂಪತ್ತಿನ ದೇವತೆ ಹೊಟ್ಟೆ ತುಂಬಿದವನಾಗಿರಬೇಕು. ಊರಿಗೆ ಊಟವಿದೆ ಎಂಬುದಕ್ಕೆ ಆ ಹೊಟ್ಟೆಯೇ ಸಾಕ್ಷಿ.

ಪರ್ಖಂ ಯಕ್ಷನ ಎತ್ತರ ಎಂಟು ಅಡಿ ಎಂಟು ಅಂಗುಲ. ರಾಮಕಿಂಕರರು ಅದನ್ನು ಎರಡು ಪಟ್ಟಿಗೂ ಮೀರಿ ಬೆಳೆಸಿದರು. ಎತ್ತರಿಸುವುದೆಂದರೆ ಅಳತೆಯನ್ನು ಗುಣಿಸುವುದಷ್ಟೇ ಅಲ್ಲ. ಎಂಟು ಅಡಿಯ ಮೂರ್ತಿಯ ಕಣ್ಣನ್ನು ಮೂರು ಅಡಿ ಮೇಲೆ ನೋಡುತ್ತೇವೆ. ಇಪ್ಪತ್ತು ಅಡಿಯದರ ಗಲ್ಲದ ಅಡಿಭಾಗ ಮೊದಲು ಕಾಣುತ್ತದೆ. ರಸ್ತೆಯಿಂದ ಮೂಗು, ತುಟಿಯ ನಯ ಕಾಣುವುದೇ ಇಲ್ಲ. ಹಾಗಾಗಿ ಅಂಗಗಳನ್ನು ದೊಡ್ಡ ದೊಡ್ಡ ತುಂಡುಗಳಾಗಿ, ಉರುಳೆ ಮತ್ತು ಗುಂಡಿನ ಲೆಕ್ಕದಲ್ಲಿ ಒಡೆಯಬೇಕು. ದೆಹಲಿಯ ಯಕ್ಷನನ್ನು ಗಮನಿಸಿ: ತೋಳು ತೋಳಾಗುವ ಮೊದಲು ಕಂಬವಾಗಿದೆ. ಹಲ್ಲುಚಕ್ರ ಕಾರ್ಖಾನೆಯಿಂದ ತಂದು ಅಂಟಿಸಿದಂತಿಲ್ಲ. ಹಳೆಯ ಮೂರ್ತಿಗಳ ಕೈಯ ಚಕ್ರಕ್ಕೆ ಹಲ್ಲು ಮೂಡಿದಂತಿದೆ. ಹಳೆಯದನ್ನೂ ಹೊಸದನ್ನೂ ಹೊಂದಿಸಲು ಹೋಗಿ ಸೋತ ಕೃತಿಗಳನ್ನು ಎಷ್ಟೋ ನೋಡಿದ್ದೇವೆ. ಇಲ್ಲಿ ಆ ಬೆಸುಗೆ ಕಾಣುವುದೇ ಇಲ್ಲ. ಈ ರೂಪಕ್ಕೆ ಬರುವ ಮೊದಲು ರಾಮಕಿಂಕರರು ಹಲವು ಪುಟ್ಟ ಮಾದರಿಗಳನ್ನು ಮಾಡಿ ನೋಡಿದ್ದರು.

ಕಲ್ಲು ಅವರನ್ನು ಬಹಳ ಕಾಡಿತು. ಕೈಗೆ ಒಗ್ಗಿದ್ದ ಸಿಮೆಂಟು ಹರಳಿನ ಗಾರೆಯನ್ನು ಬೇಕಾದಾಗ ಸೇರಿಸಬಹುದಿತ್ತು. ಕಲ್ಲಿನಲ್ಲಿ ತೆಗೆಯುವುದು ಮಾತ್ರ ಉಂಟು, ಸೇರಿಸುವುದಿಲ್ಲ. ಹುಡುಕಿ ಹುಡುಕಿ ಕೊನೆಗೆ ಕಾಂಗ್ರಾ ಕಣಿವೆಯ ಶಿವಾಲಿಕ್ ಮರಳುಗಲ್ಲಿಗೆ ಬಂದು ನಿಂತರು. ಗಣಿಯಲ್ಲಿ ಬಂಡೆ ಎಬ್ಬಿಸಿ, ಬೆಟ್ಟದ ನಾಡಿನಿಂದ ಇಳಿಸಿ ದೆಹಲಿಗೆ ಸಾಗಿಸಬೇಕು. ಕಾಂಗ್ರಾ ಕಣಿವೆಯ ರೈಲು 1929ರಲ್ಲಿ ಶುರುವಾದ ಕಿರುಹಳಿಯದು, ಹಳಿಯಿಂದ ಹಳಿಗೆ ಎರಡೂವರೆ ಅಡಿ. ಅಂಥ ನಾಡಿನಿಂದ ಇಪ್ಪತ್ತು ಅಡಿಯ ಒಂದೇ ಬಂಡೆ ಬರುವುದು ಕನಸಿನ ಮಾತು. ತುಂಡುಗಳಲ್ಲಿ ತಂದು, ಒಂದರ ಮೇಲೊಂದು ಕೂರಿಸಿ ಮೂರ್ತಿಯಾಗಿಸಬೇಕಾಯಿತು. ಮರಳುಗಲ್ಲಿಗೆ ತನ್ನದೇ ಪದರವಿರುತ್ತದೆ. ಪದರದ ದಿಕ್ಕು ತಪ್ಪಿಸಿ ಉಳಿ ಇಟ್ಟರೆ ಬೆರಳಿನಷ್ಟು ಕೆತ್ತಲು ಹೋಗಿ ಅಂಗೈಯಷ್ಟು ಎದ್ದುಬರುತ್ತದೆ. ನಮ್ಮ ಬಾದಾಮಿ, ಪಟ್ಟದಕಲ್ಲಿನ ಶಿಲ್ಪಿಗಳು ಪಳಗಿದ್ದು ಇಂಥ ಮರಳುಗಲ್ಲಿನಲ್ಲೇ. ಹೊಯ್ಸಳರಿಗೆ ಸಿಕ್ಕ ಬೆಣ್ಣೆಯಂಥ ಬಳಪದ ಕಲ್ಲಿನ ಕುಸುರಿ ಇದರಲ್ಲಿ ಬಾರದು. ಇದು ಕೇಳುವುದು ಅಗಲವಾದ, ತುಂಬಿದ ರೂಪಗಳನ್ನು. ಯಕ್ಷನ ಮೈಕಟ್ಟು ಈ ಕಲ್ಲಿಗೆ ಒಪ್ಪಿತು.

ಯಕ್ಷಿ ನಿಂತ ಮೇಲೆ ಗಲಾಟೆ ಎದ್ದಿತು. ರಿಸರ್ವ್ ಬ್ಯಾಂಕಿನ ಮುಂದೆ ಬೆತ್ತಲೆ ಹೆಣ್ಣಿನ ಮೂರ್ತಿ ಯಾಕೆ ಎಂದು ರಾಜ್ಯಸಭೆಯಲ್ಲೂ ಪ್ರಶ್ನೆ ಬಂತು. ಬೇಲೂರಿನ ಶಿಲಾಬಾಲಿಕೆಯರ ಮುಂದೆ ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಸಿಕೊಳ್ಳುವ ನಾಡಿನವನಾದ ನನಗೆ ಈ ಪ್ರಶ್ನೆ ನೋವಿನದಾಗಿ ಕೇಳಿಸುತ್ತದೆ. ಯಕ್ಷಿಯ ತುಂಬಿದ ಎದೆ, ಅಗಲವಾದ ನಡು ಯಾರ ಕಣ್ಣಿನ ಸುಖಕ್ಕೂ ಇಟ್ಟದ್ದಲ್ಲ. ಬೇಸನಗರದಲ್ಲಿ, ಪಟ್ನಾದ ದೀದಾರ್‌ಗಂಜ್‌ನಲ್ಲಿ, ಎಲ್ಲೆಲ್ಲಿ ಅವಳಿದ್ದಾಳೋ ಅಲ್ಲೆಲ್ಲ ಅವಳ ದೇಹ ಹಾಗೆಯೇ ಇದೆ. ಅದು ಹಾಲು, ಬಸಿರು, ಬೆಳೆಯ ಮಾತು. ಅವಳ ಕೈಯ ತೆನೆಯ ಕಟ್ಟನ್ನು ಅವಳ ಮೈಯಿಂದ ಬೇರೆ ಮಾಡಿ ನೋಡಲಾಗುವುದಿಲ್ಲ. ಗಂಡಿನ ಬರಿಮೈ ಬಗ್ಗೆ ಅಂಥ ಕೂಗು ಏಳಲಿಲ್ಲ.

ನಿಧಿ ಇದ್ದಲ್ಲಿ ಸರ್ಪ ಕಾದಿರುತ್ತದೆ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುತ್ತಾರೆ. ಕೈಬಿಚ್ಚದವನನ್ನು ನಿಧಿ ಕಾಯುವ ಭೂತ ಎನ್ನುತ್ತಾರೆ. ಹುಗಿದಿಟ್ಟ ಹಣಕ್ಕೆ ನಮ್ಮ ಜನ ಯಾವತ್ತೂ ಒಳ್ಳೆಯ ಕಾವಲುಗಾರನನ್ನು ಕೊಟ್ಟಿಲ್ಲ. ಯಕ್ಷ ಕಾಯುವ ಸಂಪತ್ತು ಬೇರೆ ಬಗೆಯದು. ಅದು ಹುಗಿದದ್ದಲ್ಲ, ಬೆಳೆಯುವಂಥದು, ತಿರುಗುವಂಥದು. ಚೀಲದ ಜೊತೆಗೆ ಹಲ್ಲುಚಕ್ರವನ್ನೂ, ಹೂವಿನ ಜೊತೆಗೆ ತೆನೆಯನ್ನೂ ಇಟ್ಟ ರಾಮಕಿಂಕರರು ಈ ವ್ಯತ್ಯಾಸ ತಿಳಿದೇ ಇಟ್ಟರು ಎಂದು ನಾನು ನಂಬುತ್ತೇನೆ. ಲಂಡನ್ನಿನ ಮುದುಕಿಯ ಪಕ್ಕದಲ್ಲಿರುವುದು ನಾಣ್ಯದ ರಾಶಿ. ಸಂಸದ್ ಮಾರ್ಗದ ಬಾಗಿಲಲ್ಲಿ ಹಣ ಒಂದು ಮುಚ್ಚಿದ ಚೀಲದಲ್ಲಿದೆ. ಕಣ್ಣಿಗೆ ಕಾಣುವುದು ಅದು ಹುಟ್ಟಿಬಂದ ಕೆಲಸ. ಅಡ್ಡೆ ಹೊತ್ತವನನ್ನೂ, ಮಿಲ್ಲಿಗೆ ಓಡುವವಳನ್ನೂ ಕೆತ್ತಿದ ಕೈಗೆ ಇದು ಸಹಜ.

   

ರಾಮಕಿಂಕರರಿಗೆ 1970ರಲ್ಲಿ ಪದ್ಮಭೂಷಣ ಬಂತು. 1975ರಲ್ಲಿ ಚಿತ್ರನಿರ್ದೇಶಕ ಋತ್ವಿಕ್ ಘಟಕ್ ರಾಮಕಿಂಕರರ ಮೇಲೆ ಸಾಕ್ಷ್ಯಚಿತ್ರ ತೆಗೆಯತೊಡಗಿದರು. ಅದು ಪೂರ್ತಿಯಾಗುವ ಮೊದಲೇ ಘಟಕ್ ತೀರಿಕೊಂಡರು. ರಾಮಕಿಂಕರರು 1980ರ ಆಗಸ್ಟ್‌ನಲ್ಲಿ ಹೋದರು.

ಮಥುರೆಯ ಪರ್ಖಂ ಯಕ್ಷನ ಪೀಠದ ಮೇಲೆ ಬ್ರಾಹ್ಮಿ ಲಿಪಿಯಲ್ಲಿ ಒಂದು ಬರಹವಿದೆ. ಅಕ್ಷರಗಳು ಸವೆದಿವೆಯಾದರೂ ವಿದ್ವಾಂಸರು ಅದರಲ್ಲಿ ಒಬ್ಬ ಶಿಲ್ಪಿಯ ಹೆಸರು ಓದಿದ್ದಾರೆ, ಗೋಮಿತಕ. ತಾನು ಕುಣಿಕನ ಶಿಷ್ಯ ಎಂದೂ ಅವನು ಅಲ್ಲೇ ಬರೆಸಿದ್ದಾನೆ. ಬಾಂಕುರಾದ ಹುಡುಗ, ನಂದಲಾಲರ ಶಿಷ್ಯ, ತನ್ನ ಯಕ್ಷನನ್ನು ಕಲಿತದ್ದು ಆ ಗೋಮಿತಕನಿಂದ.